ವಿಭೂತಿ ಬಿದ್ದ ಫ್ಲಾಪಿ

ಫ್ಲಾಪಿಯ ತಗಡಿನ ಮುಚ್ಚಳವನ್ನು ಉಗುರಿನಿಂದ ಸರಿಸಿ ನೋಡಿದೆ. ಒಳಗಿನ ಕಂದು ತಟ್ಟೆಯ ಮೇಲೆ ವಿಭೂತಿಯ ಒಂದು ಗೆರೆ ಇತ್ತು, ಅಕ್ಕಿಕಾಳಿನಷ್ಟು ಉದ್ದ. ಊದಿದರೆ ಹಾರಿಹೋಯಿತು. ಆ ಹೊತ್ತಿಗಾಗಲೇ ಇಜೇರಿ, ನೆಲೋಗಿ, ಅತನೂರಿನ ಪಹಣಿಗಳೆಲ್ಲ ನಮ್ಮ ಕಂಪ್ಯೂಟರಿನಿಂದ ಅಳಿಸಿಹೋಗಿ ಎರಡು ದಿನವಾಗಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಗುಲ್ಬರ್ಗಾದಲ್ಲಿ ಎಂ.ಎಸ್ಸಿ. ಮುಗಿಸಿ ಜೇವರ್ಗಿಯ ಒಂದು ಗುತ್ತಿಗೆ ಕೇಂದ್ರಕ್ಕೆ ಸೇರಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗಳ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಉಳಿದೆರಡು ಊರುಗಳಲ್ಲಿ ಟೈಪು ಮಾಡಿದ್ದು ಫ್ಲಾಪಿಗಳಲ್ಲಿ ತುಂಬಿ ಬಸ್ಸಿನಲ್ಲಿ ಬರುತ್ತಿತ್ತು. ಜೊತೆಗೆ ವೈರಸ್ಸೂ ಬರುತ್ತಿತ್ತು.

ಅದನ್ನು ತಡೆಯಲು ಬಾಗಿಲ ಬಳಿಯ ಕಂಪ್ಯೂಟರಿನ ಮುಂದೆ ಒಬ್ಬರು ಕೂತಿರುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ನಾನು ಅಕ್ಕಾರ ಎನ್ನುತ್ತಿದ್ದೆ. ಪ್ರತಿ ಫ್ಲಾಪಿಯನ್ನೂ ಹಳೆಯ ಮಲ್ ಬಟ್ಟೆಯಿಂದ ಒರೆಸಿ, ಪರೀಕ್ಷೆಯ ಪ್ರೋಗ್ರಾಂ ಓಡಿಸಿ, ಪರದೆಯ ಇಂಗ್ಲಿಷ್ ಸಾಲುಗಳನ್ನು ಬೆರಳಿಟ್ಟು ಓದಿ, ಆಮೇಲೆ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಿದ್ದರು. ಒಂದಕ್ಕೆ ಹತ್ತು ನಿಮಿಷ. ಎರಡು ವರ್ಷದ ಹಿಂದೆ ಅತ್ತೆಯ ಮಾತು ಮೀರಿ ಕೆಲಸಕ್ಕೆ ಬಂದವರು. ಆ ಕುರ್ಚಿ ಹೋದರೆ ಮತ್ತೆ ಹೊಸ್ತಿಲು ದಾಟಗೊಡುವುದಿಲ್ಲ ಎಂದು ಮೊದಲ ವಾರವೇ ನನಗೆ ಹೇಳಿದ್ದರು.

ನನಗೆ ಆ ಹತ್ತು ನಿಮಿಷ ತಡೆಯಲಾಗಲಿಲ್ಲ. ಫ್ಲಾಪಿ ಹಾಕಿ ಒಂದು ಕೀಲಿ ಒತ್ತಿದರೆ ಪರೀಕ್ಷೆ, ವರದಿ, ನಕಲು ಎಲ್ಲವೂ ತಾನಾಗಿ ಆಗುವಂತೆ ಒಂದು ಪ್ರೋಗ್ರಾಂ ಬರೆದೆ. ವರದಿಯಲ್ಲಿ ವೈರಸ್ ಸಿಕ್ಕಿದೆ ಎಂದಿದ್ದರೆ ನಿಲ್ಲಬೇಕು, ಇಲ್ಲದಿದ್ದರೆ ಮುಂದಕ್ಕೆ ಹೋಗಬೇಕು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

"ನನ್ನ ಕುರ್ಚಿ ತಿಂತದೇನವಾ ಇದು?" ಎಂದರು ಅಕ್ಕ.

"ಇಲ್ರಿ ಅಕ್ಕಾರ, ನಿಮಗ ಚಾ ಕುಡ್ಯಾಕ ಟೈಮ್ ಸಿಗ್ತದ."

"ನನಗ ಚಾ ಕುಡಸಾಕ ಅಷ್ಟ್ ಓದೀಯೇನ ಬೇ?" ಎಂದು ನಕ್ಕರು.

ಸಹಿ ಮಾತ್ರ ಅವರದೇ ಉಳಿಯಿತು. ಬೆಳಿಗ್ಗೆಯೇ ಇಡೀ ಪುಟಕ್ಕೆ ಸಹಿ ಹಾಕಿಬಿಡಿ ಎಂದು ಹೇಳಿದವಳೂ ನಾನೇ.

ಮಹಾನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅಫಜಲಪುರದವರು ಕಂಪ್ಯೂಟರಿನ ಜೊತೆ ಫ್ಲಾಪಿಗಳಿಗೂ ವಿಭೂತಿ ಹಚ್ಚಿದ್ದರು. ಹಬ್ಬ ಮುಗಿದ ಮೇಲೆ ಬಂದ ಚೀಲದಲ್ಲಿ ಫ್ಲಾಪಿಗಳ ನಡುವೆ ಬನ್ನಿ ಎಲೆಗಳೂ ಇದ್ದವು. ಅಕ್ಕ ಒಂದನ್ನು ಎತ್ತಿ ತೋರಿಸಿದರು.

"ಇಬತ್ತಿ ಬಳದಾರ ನೋಡು. ಒರಸ್ಲೇನು?"

"ಬ್ಯಾಡ್ರಿ. ಅದೇ ನೋಡ್ಕೋತದ."

ವಿಭೂತಿ ಕೂತ ಜಾಗಕ್ಕೆ ಬಂದು ಪರೀಕ್ಷೆ ಅರ್ಧಕ್ಕೆ ನಿಂತಿತು. ಓದಲಾಗಲಿಲ್ಲ ಎಂದು ವರದಿ ಬರೆಯಿತು. ಅದರಲ್ಲಿ ವೈರಸ್ ಸಿಕ್ಕಿದೆ ಎಂಬ ಮಾತಿರಲಿಲ್ಲವಾದ್ದರಿಂದ ನನ್ನ ಪ್ರೋಗ್ರಾಂ ಮುಂದಕ್ಕೆ ಹೋಗಿ, ಓದಲು ಬಂದ ಕಡತಗಳನ್ನೆಲ್ಲ ನಕಲು ಮಾಡಿತು. ಅವುಗಳಲ್ಲೊಂದರಲ್ಲಿ ವೈರಸ್ಸಿತ್ತು. ಅದು ಪಹಣಿಗಳನ್ನು ಅಳಿಸಿಹಾಕಿತು. ಬೆರಳಿಟ್ಟು ಓದುವವರು ಓದಲಾಗಲಿಲ್ಲ ಎಂಬ ಸಾಲನ್ನು ಕಂಡು ಫ್ಲಾಪಿಯನ್ನು ಪಕ್ಕಕ್ಕಿಡುತ್ತಿದ್ದರು. ಮರಳಿ ತುಂಬಲೆಂದು ಕಾಪಿಟ್ಟ ಪ್ರತಿಗಳನ್ನೂ ಅದೇ ಕಂಪ್ಯೂಟರಿಗೆ ಹಾಕಿದ್ದರಿಂದ ಅವೂ ಉಳಿಯಲಿಲ್ಲ.

ಕೇಂದ್ರದ ಸಾಹೇಬರ ಮುಂದೆ ನಿಂತು ಹೇಳಿದೆ: "ತಪ್ಪು ನಂದ್ರಿ ಸರ್. ಪ್ರೋಗ್ರಾಂ ಬರದಾಕಿ ನಾನು."

ಅವರು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಸಹಿ ಯಾರದದ?"

"ಅಕ್ಕಾರದು. ಆದ್ರ ಅವರು ಒರಸ್ತೇನಿ ಅಂದಿದ್ರು, ನಾನೇ ಬ್ಯಾಡ..."

"ನಿಮ್ಮ ಪ್ರೋಗ್ರಾಂ ಭಾಳ ಚಲೋ ಅದ ಅಂತ ಮ್ಯಾಲಿನವ್ರಿಗೆ ಬರದು ಕಳಿಸೇನಿ. ಈಗ ಅದೇ ಕೆಡಸ್ತು ಅಂತ ಬರೀಲೇನು? ಸಹಿ ಮಾಡಿದವ್ರು ನಾಳಿಂದ ಬರೂದು ಬ್ಯಾಡ. ನೀವು ನಡೀರಿ, ಕೆಲಸ ನೋಡ್ರಿ."

ಇನ್ನೊಮ್ಮೆ ಹೇಳಬಹುದಿತ್ತು. ಬರೆದುಕೊಡಬಹುದಿತ್ತು. ನಾನು ಹೊರಗೆ ಬಂದೆ.

ಬಾಗಿಲ ಬಳಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. ಊಟದ ಡಬ್ಬಿಯನ್ನು ಆಗಲೇ ಚೀಲಕ್ಕೆ ಹಾಕಿಕೊಂಡಿದ್ದರು.

"ಮನ್ಯಾಗ ಏನ್ ಹೇಳ್ತೀರಿ ಅಕ್ಕಾರ?"

"ಹೇಳೂದೇನದ? ಎರಡು ವರ್ಷದಿಂದ ಇದಕ್ಕೇ ದಾರಿ ನೋಡಾಕತ್ತಾರ." ಮೇಜಿನ ಮೇಲಿದ್ದ ಮಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. "ಇಟ್ಕೋ. ಆಳಂದದ್ದು ಧೂಳ ಭಾಳ ಇರ್ತದ."

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿ, ಸೆರಗು ತಲೆಗೆಳೆದುಕೊಂಡು ಇಳಿದುಹೋದರು. ಕೆಲಸಕ್ಕೆ ಬರುವಾಗ ಅವರು ತಲೆಯ ಮೇಲೆ ಸೆರಗು ಹೊದೆಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ನನ್ನ ಪ್ರೋಗ್ರಾಮನ್ನು ಅಳಿಸಿದೆ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು, ಆಳಂದದ ಚೀಲದಿಂದ ಮೊದಲ ಫ್ಲಾಪಿಯನ್ನು ತೆಗೆದು ಆ ಬಟ್ಟೆಯಿಂದ ಒರೆಸಿದೆ. ಪರದೆಯ ಸಾಲುಗಳನ್ನು ಬೆರಳಿಟ್ಟು ಓದಿದೆ. ಹತ್ತು ನಿಮಿಷ ಹಿಡಿಯಿತು. ರಿಜಿಸ್ಟರಿನಲ್ಲಿ ಅವರ ಸಹಿಯ ಕೆಳಗೆ ನನ್ನ ಸಹಿ ಹಾಕಿ, ಎರಡನೆಯದನ್ನು ತೆಗೆದುಕೊಂಡೆ.