ಸುಬೇದಾರನ ಕಟ್ಟೆ ಮೇಲಿನ ಶೆಟ್ಲಿ

ಮಿರ್ಜಾನದ ಹೊಳೆದಂಡೆಯ ದುರ್ಗಿಗೆ ಫೈಲು ಹಿಡಿದು ಬಂದವರ ಮೇಲೆ ನಂಬಿಕೆಯೇ ಇಲ್ಲ. ಸುಮ್ಮಸುಮ್ಮನೆ ಹುಟ್ಟಿದ ಗುಮಾನಿ ಅಲ್ಲ ಅದು. ಬೆಳಕೆಯ ಅವಳ ತವರಿಗೆ ಹೆದ್ದಾರಿ ಅಗಲ ಮಾಡುವವರು ಬಂದಾಗ, ಬರೀ ನೋಡಿಕೊಂಡು ಹೋಗುತ್ತೇವೆ ಎಂದಿದ್ದರು. ಪಾಪದ ಅಣ್ಣ ಎಳನೀರು ಕೆತ್ತಿ ಕೊಟ್ಟ. ಕುಡಿದು ಬಾಯಿ ಒರೆಸಿಕೊಂಡು ಹೋದರು. ಮುಂದಿನ ಬೇಸಿಗೆಗೆ ಅಣ್ಣನ ಜಗಲಿಯೂ ಇಲ್ಲ, ಎಳನೀರು ಕೊಟ್ಟ ಮರವೂ ಇಲ್ಲ.

ಮಿರ್ಜಾನದಲ್ಲಿ ಅವಳ ಮನೆಯ ಹಿಂದೆ, ಹೊಳೆಗೆ ಮುಖ ಮಾಡಿ, ಒಂದು ಚಿರೆಕಲ್ಲಿನ ಕಟ್ಟೆಯಿತ್ತು. ನಟ್ಟನಡುವೆ ಒಬ್ಬ ಆರಾಮಾಗಿ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಕರಿಕಲ್ಲಿನ ಹಾಸು, ಅದರ ಅಂಚಿಗೆ ಬಳ್ಳಿಯ ಕೆತ್ತನೆ. ಅದರ ಮೇಲೆ ದುರ್ಗಿ ಶೆಟ್ಲಿ, ಅಂದರೆ ಸೀಗಡಿ, ಒಣಗಿಸುತ್ತಿದ್ದಳು. ಕಲ್ಲಿನ ಮೇಲೆ ಒಣಗಿದ ಶೆಟ್ಲಿಗೆ ಮರಳು ಹತ್ತುವುದಿಲ್ಲ. ಕುಮಟೆ ಪೇಟೆಯ ಹೆಂಗಸರು ಬೇರೆ ಬುಟ್ಟಿಗಳನ್ನು ದಾಟಿ ಅವಳ ಬುಟ್ಟಿಗೇ ಕೈ ಹಾಕುತ್ತಿದ್ದರು. ಗಂಡ ದಾಸ ತೀರಿಕೊಂಡ ಮೇಲೆ ಮನೆ ನಡೆದದ್ದು, ಮಗಳು ಸುಷ್ಮಾ ನರ್ಸ್ ಆದದ್ದು, ಎಲ್ಲ ಆ ಕಟ್ಟೆಯಿಂದಲೇ.

ಅದು ಯಾರ ಕಟ್ಟೆ ಅನ್ನುವುದನ್ನು ಅತ್ತೆ ಸಣ್ಣಿ ಸೊಸೆಗೆ ಮಾತ್ರ ಹೇಳಿ ಕಣ್ಣು ಮುಚ್ಚಿದ್ದಳು. ದೂರದ ರಾಜಧಾನಿಯಿಂದ ಈ ಸೀಮೆ ಆಳಲು ಬರುತ್ತಿದ್ದ ಸುಬೇದಾರ ದೋಣಿ ಇಳಿದವನೇ ಮೊದಲು ಕೂರುತ್ತಿದ್ದದ್ದು ಅದರ ಮೇಲೇ ಅಂತೆ. ಕೂತರೆ ಏಳಬೇಕಲ್ಲ? ಕೇರಿಯ ಬಾಗಿಲಲ್ಲೇ ಕಚೇರಿ, ದಿನಾ ಕರೆ, ದಿನಾ ಬಿಟ್ಟಿ ಚಾಕರಿ. ಕೊನೆಗೆ ಕೇರಿಯ ಹೆಂಗಸರು ಒಂದು ಉಪಾಯ ಮಾಡಿದರು. ಹೊಸ ಸುಬೇದಾರ ಬರುವ ಸುದ್ದಿ ಸಿಕ್ಕರೆ ಸಾಕು, ಕಟ್ಟೆ ತುಂಬ ಹಸಿ ಮೀನು ಹರಡುವುದು. ಆ ನಾತಕ್ಕೆ ಮೂಗು ಮುಚ್ಚಿಕೊಂಡು ಅವನು ಕಚೇರಿಯನ್ನು ಮೇಲೆ ಕೋಟೆಯೊಳಗೆ ಒಯ್ದ. ಅಲ್ಲಿಂದ ಮುಂದೆ ಆ ಮನೆಯ ಹೆಂಗಸರದ್ದು ಒಂದೇ ಪದ್ಧತಿ: ಅಧಿಕಾರಿಯ ಹಾಗೆ ಕಂಡವರು ದಂಡೆಗೆ ಬಂದರೆ ಮೀನು ಹರಡು, ಕೇಳಿದರೆ ಗೊತ್ತಿಲ್ಲ ಅನ್ನು.

ಕಳೆದ ವರ್ಷ ಮಳೆ ಮುಗಿದ ಮೇಲೆ ಅರ್ಚಿತಾ ಬಂದಳು. ಹೊನ್ನಾವರದ ಕಡೆಯ ತೋಟದ ಮನೆಯ ಹುಡುಗಿ, ಹಳೆಯ ಸುಬೇದಾರರ ಕಚೇರಿಯ ಚರಿತ್ರೆ ಬರೆಯುತ್ತಿದ್ದಳು. ಹೆಗಲ ಚೀಲದಿಂದ ಫೈಲು ಇಣುಕುವುದನ್ನು ದುರ್ಗಿ ದೂರದಿಂದಲೇ ಕಂಡಳು. ಹುಡುಗಿ ಗದ್ದೆಯ ಅಂಚು ದಾಟುವಷ್ಟರಲ್ಲಿ ಬುಟ್ಟಿ ಶೆಟ್ಲಿ ಕಟ್ಟೆ ಮೇಲೆ ಸುರಿದಾಗಿತ್ತು.

ಅರ್ಚಿತಾ ನೆಲದ ಮೇಲೇ ಕೂತು ಮಾತಾಡಿದಳು. ಈ ಸೀಮೆ ಆಳಿದ್ದು ಮೊದಲು ವಿಜಯನಗರದ ಕಡೆಯವರು, ಆಮೇಲೆ ಬಿಜಾಪುರದವರು, ಹೀಗೆ ಒಬ್ಬರಾದ ಮೇಲೆ ಒಬ್ಬರು. ಸುಬೇದಾರ ಇಲ್ಲಿ ಬೇರು ಬಿಟ್ಟು ತಾನೇ ದೊರೆಯಾದಾನು ಎಂದು ದೊಡ್ಡ ದೊರೆಗೆ ಭಯ. ಅದಕ್ಕೇ ಅವನನ್ನು ಆಗಾಗ ಬದಲಿಸುತ್ತಿದ್ದರಂತೆ. ದೊರೆಗೆ ಸುಬೇದಾರನ ಮೇಲೆ ಗುಮಾನಿ, ಸುಬೇದಾರನಿಗೆ ಊರಿನ ಮೇಲೆ ಗುಮಾನಿ ಎಂದು ಅವಳು ನಕ್ಕಳು. ಊರಿನ ಗುಮಾನಿ ಮಾತ್ರ ಇವಳಿಗೆ ಗೊತ್ತಾಗಲಿಲ್ಲ ನೋಡು ಎಂದು ದುರ್ಗಿ ಒಳಗೊಳಗೇ ಅಂದುಕೊಂಡಳು. ಸುಬೇದಾರ ಇಳಿಯುತ್ತಿದ್ದ ಕಟ್ಟೆ ಎಲ್ಲಿ ಎಂದು ಹುಡುಗಿ ಕೇಳಿದಾಗ, ಕೆಳಗಿನ ಹೊನ್ನೆ ಮರದ ಬುಡದ ದಿಬ್ಬದತ್ತ ಕೈ ತೋರಿಸಿ ಕಳಿಸಿದಳು.

ಆ ದಿಬ್ಬ ಎಂತದು? ಹಿಂದೆ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಗೂಡು, ಕುಸಿದು ಮಣ್ಣು ಮುಚ್ಚಿದ್ದು. ಅರ್ಚಿತಾ ಕೆದಕಿ ನೋಡಿದಳು, ಬಿಳೀ ಸುಣ್ಣ ಕಂಡಿತು. ಹಳೆಯ ಗಾರೆ ಅಂದುಕೊಂಡು ಕುಣಿಯುವುದೊಂದು ಬಾಕಿ. ಹೋಗುವಾಗ ಫೋನ್ ನಂಬರ್ ಕೊಡಲು ಬಂದಳು, ದುರ್ಗಿ ತೆಗೆದುಕೊಳ್ಳಲಿಲ್ಲ. ನಂಬರ್ ಕೊಟ್ಟವರು ಆಮೇಲೆ ಆಧಾರ್ ಕಾರ್ಡ್ ಕೇಳುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಚಳಿಗಾಲ ಕಳೆಯುತ್ತಲೇ ಅರ್ಚಿತಾ ಮತ್ತೆ ಬಂದಳು, ಮುಖದ ತುಂಬ ಸಂತೋಷ. ಹೊಳೆದಂಡೆಗೆ ತಡೆಗೋಡೆ ಬರುತ್ತದೆ, ಆದರೆ ದಿಬ್ಬವನ್ನು ಉಳಿಸಿ ಗೋಡೆಯನ್ನು ಈಚೆಗೆ ತಿರುಗಿಸಲು ಒಪ್ಪಿದ್ದಾರೆ ಎಂದಳು. ಆಮೇಲೆ ದನಿ ಇಳಿಸಿ ಕೇಳಿದಳು:

"ಅಮ್ಮ, ಬೇರೆ ಎಂತಾದ್ರೂ ಹಳೇದು ಇದ್ರೆ ಈಗ್ಲೇ ಹೇಳಿ. ಈಗಾದ್ರೆ ಉಳಿಸ್ಲಿಕ್ಕೆ ಆಗ್ತದೆ."

ಗೋಡೆ ಈಚೆಗೆ ತಿರುಗಿದರೆ ತನ್ನ ಕಟ್ಟೆಯ ಮೇಲೇ ಹಾಯುತ್ತದೆ ಎಂದು ದುರ್ಗಿಗೆ ತಿಳಿಯದೆ ಇಲ್ಲ. ಹೇಳಿಬಿಡಲೇ? ಮಾತು ನಾಲಿಗೆ ತುದಿಗೂ ಬಂದಿತ್ತು. ಆದರೆ ಅಣ್ಣನ ಎಳನೀರು ಕುಡಿದವರು ಮಾತಾಡಿದ್ದೂ ಹೀಗೇ ಮೆತ್ತಗೆ. ಇವಳು ಬಾಯಿ ಬಿಡಿಸಿ, ಕಟ್ಟೆ ಕಸಿದುಕೊಂಡು, ಸುತ್ತ ತಂತಿ ಬಿಗಿಸುವವಳೇ ಅಲ್ಲ ಅನ್ನುವುದಕ್ಕೆ ಎಂತ ಖಾತ್ರಿ?

"ಎಂತದೂ ಇಲ್ಲ ತಂಗಿ," ಎಂದಳು, ಶೆಟ್ಲಿ ಮಗುಚುತ್ತ.

ಗೋಡೆ ಕೆಲಸಕ್ಕೆ ಅಗೆಯುವ ಯಂತ್ರ ಬಂದ ದಿನ ಅವಳು ಸುದ್ದಿ ಕೇಳಿ ಕುಮಟೆ ಪೇಟೆಯಿಂದ ಬುಟ್ಟಿ ಸಮೇತ ಓಡಿ ಬಂದಳು. ಕಟ್ಟೆಯನ್ನು ಅರ್ಧ ಕಿತ್ತಾಗಿತ್ತು. ಇದೇ ಸುಬೇದಾರನ ಕಟ್ಟೆ, ಇದೇ, ಎಂದು ಎದೆ ಬಡಿದುಕೊಂಡಳು. ಗುತ್ತಿಗೆದಾರನ ಮೇಸ್ತ್ರಿ ಒಳ್ಳೆಯವನೇ, ಕೆಲಸ ನಿಲ್ಲಿಸಿ ಕೇಳಿದ. ಸುಬೇದಾರನದ್ದು ಹೊನ್ನೆ ಮರದ ಕೆಳಗೆ ಅಂತ ನೀವೇ ತೋರಿಸಿದ್ದಂತಲ್ಲ, ಬೋರ್ಡು ಕೂಡ ಹಾಕಿದ್ದಾರೆ ಎಂದು ಸಮಾಧಾನ ಮಾಡಿದ. ಬಳ್ಳಿ ಕೆತ್ತಿದ ಕರಿಕಲ್ಲು ಅವಳ ಕಣ್ಣೆದುರೇ ಗೋಡೆಯ ಅಡಿಪಾಯಕ್ಕೆ ಹೋಯಿತು.

ಈ ಬೇಸಿಗೆಯಲ್ಲಿ ದುರ್ಗಿಯ ಶೆಟ್ಲಿ ಟಾರ್ಪಾಲಿನ ಮೇಲೆ ಒಣಗಿತು. ಮರಳು ಹತ್ತಿತು. ಪೇಟೆಯ ಹೆಂಗಸರು ಒಂದೆರಡು ಬಾಯಿಗೆ ಹಾಕಿಕೊಂಡು ಉಗಿದು ಮುಂದಿನ ಬುಟ್ಟಿಗೆ ಹೋದರು. ಅವಮಾನ ತಡೆಯಲಾರದೆ ಒಂದು ಬೆಳಿಗ್ಗೆ ಅವಳು ತಂತಿ ಬೇಲಿ ನುಸುಳಿ, ಹೊನ್ನೆ ಮರದ ದಿಬ್ಬದ ಮೇಲೆ ಬೋರ್ಡಿನ ಬುಡದಲ್ಲೇ ಬುಟ್ಟಿ ಸುರಿದಳು. ಯಾರಿಗೋ ಜಾಗ ತೋರಿಸಲು ಬಂದಿದ್ದ ಅರ್ಚಿತಾ ಗಾಬರಿಯಾಗಿ ಹತ್ತಿರ ಬಂದಳು.

"ಅಮ್ಮ, ಇಲ್ಲಿ ಹರಡಬಾರ್ದು. ಸುಬೇದಾರ ಕೂತ ಜಾಗ ಇದು."

"ಅವ ಇಲ್ಲಿ ಕೂತದ್ದೇ ಇಲ್ಲ ತಂಗಿ. ನಾನೇ ಕೂರ್ಸಿದ್ದು. ಇದು ಸುಣ್ಣದ ಗೂಡು. ಅವನ ಕಟ್ಟೆ ನನ್ನ ಮನೆ ಹಿಂದಿತ್ತು."

ಅರ್ಚಿತಾ ಹರಡಿದ ಶೆಟ್ಲಿ ನೋಡಿದಳು, ಖಾಲಿ ಬುಟ್ಟಿ ನೋಡಿದಳು, ಆಮೇಲೆ ದುರ್ಗಿಯ ಮುಖ ನೋಡಿದಳು. ಮೀನು ಒಣಗಿಸಲು ಜಾಗ ಬೇಕಾಗಿ ಮುದುಕಿ ಎಂತೆಲ್ಲ ಹೇಳುತ್ತಾಳೆ ಅನ್ನುವ ನೋಟ ಅದು. ದುರ್ಗಿಗೆ ಅದರ ಗುರುತು ಹತ್ತಿತು. ಗದ್ದೆಯ ಅಂಚು ದಾಟಿ ಬರುವವರನ್ನು ತಾನೂ ಇಷ್ಟು ವರ್ಷ ನೋಡಿದ್ದು ಹಾಗೇ.