ಬಸ್ರಾ ಟೀಚರಮ್ಮನ ಬಟ್ಟಲು

ಆಕೆಯ ಗಲ್ಲದ ಮೇಲೆ ಮೂರು ಹಸಿರು ಚುಕ್ಕೆಗಳಿದ್ದವು, ಒಂದರ ಕೆಳಗೆ ಒಂದು. ಹಿಂದೂಪುರದಲ್ಲಿ ಹಚ್ಚೆ ಯಾರಿಗೂ ಹೊಸದಲ್ಲ. ನಮ್ಮಜ್ಜಿಯ ಮುಂಗೈ ತುಂಬ ಹಚ್ಚೆಯೇ ಇತ್ತು. ಆದರೆ ಈ ಚುಕ್ಕೆಗಳನ್ನು ಹಾಕಿದ್ದು ಬಸ್ರಾದಲ್ಲಿ, ಸಮುದ್ರದಾಚೆಯ ಅರಬ್ಬರ ಊರಿನಲ್ಲಿ ಎಂದು ತಿಳಿದಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ನಗುವಾಗ ಮೂರೂ ಚುಕ್ಕೆ ಮೇಲಕ್ಕೇರುತ್ತಿದ್ದವು.

ನಾನಾಗ ಕಲ್ಯಾಣದುರ್ಗದಿಂದ ಹಿಂದೂಪುರದ ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದ ಇಂಗ್ಲಿಷ್ ಟೀಚರು. ಅದೇ ಶಾಲೆಯಲ್ಲಿ ಆಕೆ ಹೊಲಿಗೆ ಕಲಿಸುತ್ತಿದ್ದರು. ಮಕ್ಕಳಿಗೆ ಬಸ್ರಾ ಟೀಚರಮ್ಮ, ನನಗೆ ಅಕ್ಕ. ಅವರ ತಂದೆ ಬಸ್ರಾ ಬಂದರಿನಲ್ಲಿ ಅಡುಗೆ ಕೆಲಸಕ್ಕಿದ್ದರಂತೆ. ತಾಯಿ ಅಲ್ಲೇ ತೀರಿಹೋದಾಗ ಪಕ್ಕದ ಮನೆಯ ಅರಬ್ಬಿ ವಿಧವೆಯೊಬ್ಬಳು ನಾಲ್ಕು ವರ್ಷದ ಈ ಮಗುವನ್ನು ತನ್ನ ಮಗಳ ಜೊತೆಗೇ ಸಾಕಿದಳು. ಆ ವಿಧವೆಯ ಗಲ್ಲದ ಮೇಲೂ ಮೂರು ಚುಕ್ಕೆ. "ನಂಗೂ ಬೇಕು ಅಂತ ಹಟ ಮಾಡಿ ಹಾಕಿಸ್ಕಂಡೆ ಕಣಮ್ಮ. ಹಾಕೋವಾಗ ಬೀದಿಯೆಲ್ಲಾ ಬಂದು ನೋಡೋ ಹಂಗೆ ಕಿರುಚ್ದೆ" ಎನ್ನುತ್ತಿದ್ದರು. ಹದಿನೇಳನೇ ವಯಸ್ಸಿಗೆ ಹಿಂದೂಪುರಕ್ಕೆ ಮರಳುವಾಗ ಅವರ ಪೆಟ್ಟಿಗೆಯಲ್ಲಿದ್ದದ್ದು ಒಂದು ಕರಿ ನಿಲುವಂಗಿ, ಹಿಡಿಯಿಲ್ಲದ ಆರು ಪುಟ್ಟ ಬಟ್ಟಲು.

ಬೀದಿಗೆಲ್ಲ ಬೆಲ್ಲದ ವಾಸನೆ ಹೊಡೆಯುವ ಊರಿನಲ್ಲಿ ಅಕ್ಕನ ಮನೆಯ ಕಾಫಿಗೆ ಮಾತ್ರ ಬೆಲ್ಲವೂ ಇಲ್ಲ, ಹಾಲೂ ಇಲ್ಲ. ಬರೀ ಏಲಕ್ಕಿ. ಮೊದಲ ದಿನ ಮರ್ಯಾದೆಗೆಂದು ಕುಡಿದೆ. ಬಟ್ಟಲು ಖಾಲಿಯಾದೊಡನೆ ಮತ್ತೆ ಸುರಿದರು. ಮತ್ತೆ ಕುಡಿದೆ, ಮತ್ತೆ ಸುರಿದರು. ಏಳನೆಯದಕ್ಕೆ ನನ್ನ ಕಣ್ಣಲ್ಲಿ ನೀರು!

"ಅಯ್ಯೋ ಮಂಕೇ, ಬಟ್ಟಲು ಅಲ್ಲಾಡ್ಸು! ಅಲ್ಲಾಡ್ಸಿದ್ರೆ ಸಾಕು ಅಂತ. ಅಲ್ಲೀವರ್ಗೂ ಸುರಿಯೋದು ನನ್ನ ಧರ್ಮ, ಅಲ್ಲಾಡ್ಸೋದು ನಿನ್ನ ಮಾತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಅರಬ್ಬರ ಮನೆಯ ಪದ್ಧತಿಯಂತೆ. ಆಮೇಲೆ ಮೂರನೆಯದಕ್ಕೇ ಅಲ್ಲಾಡಿಸಲು ಕಲಿತೆ.

ಒಮ್ಮೆ ಶಾಲೆಗೆ ಬೆಂಗಳೂರಿನಿಂದ ಒಬ್ಬ ದೊರೆಸಾನಿ ಬಂದಳು. ಅರಬ್ಬರ ನಾಡಿನ ಹೆಂಗಸರ ಬಗ್ಗೆ ಬರೆದು, ತನ್ನ ದೇಶದಲ್ಲಿ ಭಾಷಣ ಮಾಡುವಾಕೆ. ಅಕ್ಕನ ವಿಷಯ ಯಾರಿಂದಲೋ ಕೇಳಿದ್ದಳು. ಅವಳಿಗೆ ಮೆಚ್ಚಿಗೆಯಾದರೆ ಶಾಲೆಗೆ ನಾಲ್ಕು ಹೊಲಿಗೆ ಮಿಷನ್ನು ಕೊಡಿಸುತ್ತಾಳೆ ಎಂದು ಹೆಡ್‌ಮಿಸ್ಟ್ರೆಸ್ಸಿಗೆ ಆಸೆ. ಇದ್ದದ್ದು ಒಂದೇ ಮಿಷನ್ನು, ಅದೂ ದಿನ ಬಿಟ್ಟು ದಿನ ಕೆಡುತ್ತಿತ್ತು. "ಆಮೆ ಏಮಡಿಗಿನಾ ಔನು ಅನಂಡಿ, ಚಾಲು. ಏನ್ ಕೇಳಿದ್ರೂ ಹೂಂ ಅಂದ್ಬುಡಿ" ಎಂದು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅಕ್ಕನಿಗೂ, ಇಂಗ್ಲಿಷಿಗೆ ತಿರುಗಿಸಬೇಕಾಗಿದ್ದ ನನಗೂ ಹೇಳಿಟ್ಟಿದ್ದರು.

ಗಲ್ಲದ ಚುಕ್ಕೆ ಗಂಡ ಹಾಕಿಸಿದ ಗುರುತೇ ಎಂದು ದೊರೆಸಾನಿ ಮೊದಲು ಕೇಳಿದಳು. ಅಕ್ಕ ನಕ್ಕುಬಿಟ್ಟರು. ಕರಿ ನಿಲುವಂಗಿ ಹೊದ್ದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತರೆ ಫೋಟೋ ತೆಗೆಯುತ್ತೇನೆ ಎಂದಳು. "ಅದನ್ನ ಹಾಕ್ಕಂಡು ನನ್ನ ಸಾಕಿದ ನಮ್ಮಮ್ಮ ನೆಟ್ಟಗೆ ನಡೀತಿದ್ಲು" ಎಂದು ಅಕ್ಕ ಎದ್ದು ನಿಂತೇ ಫೋಟೋ ತೆಗೆಸಿಕೊಂಡರು. ಕೊನೆಗೆ ದೊರೆಸಾನಿ, ಆ ಹೆಂಗಸರ ಮಾತಿಗೆ ಮನೆಯಲ್ಲಿ ಬೆಲೆಯೇ ಇಲ್ಲವಂತೆ, ನಿಜವೇ ಎಂದಳು.

ಅಕ್ಕ ಹೇಳಿದರು: "ನಮ್ಮಮ್ಮ ಪರದೆ ಹಿಂದೆ ಕೂತ್ಕಂಡು ಖರ್ಜೂರದ ವ್ಯಾಪಾರ ಮಾಡೋಳು. ಅವ್ಳು ಹೂಂ ಅನ್ನೋ ತನಕ ಒಂದು ದೋಣೀನೂ ಕದಲ್ತಿರ್ಲಿಲ್ಲ. ಆದ್ರೆ ಮಗಳ ಮದ್ವೆ ಮೈದುನ ನಿಶ್ಚೆ ಮಾಡ್ಬುಟ್ಟ. ಅವತ್ತು ಅವ್ಳ ಮಾತು ನಡೀಲಿಲ್ಲ, ಮೂರು ದಿನ ಅತ್ಲು. ಎಲ್ಡೂ ಹೇಳು."

ನನಗೆ ಕಂಡದ್ದು ಹೆಡ್‌ಮಿಸ್ಟ್ರೆಸ್ಸಿನ ಮುಖ, ಸೂಜಿಯಲ್ಲೇ ಬೆರಳು ಚುಚ್ಚಿಕೊಳ್ಳುವ ನಮ್ಮ ಹುಡುಗಿಯರ ಕೈ. ಪರದೆ ಹಿಂದೆ ಕೂರುತ್ತಿದ್ದಳು, ಮಗಳ ಮದುವೆಯಲ್ಲೂ ಅವಳ ಮಾತು ನಡೆಯಲಿಲ್ಲ, ಅತ್ತಳು ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ದೊರೆಸಾನಿ ಸರಸರ ಬರೆದುಕೊಂಡಳು.

ಅಕ್ಕ ನನ್ನ ಕಡೆ ತಿರುಗಿದರು. "ದೋಣಿ ಎಲ್ಲೋಯ್ತು?"

ನಾನು ಹೆಡ್‌ಮಿಸ್ಟ್ರೆಸ್ಸಿನ ಕಡೆ ನೋಡಿದೆ.

"ಬಂದರಿನಾಗೆ ಬೆಳ್ದೋಳು ನಾನು. ಬೋಟು ಅನ್ನೋ ಮಾತು ಗೊತ್ತಾಗಲ್ವಾ? ನೀನು ಬೋಟು ಅನ್ಲೇ ಇಲ್ಲ. ಅವ್ಳು ನಂಗೆ ಅನ್ನ ಇಕ್ಕಿದೋಳು ಕಣಮ್ಮ. ಸಮುದ್ರದಾಚೆಗೆ ಅವ್ಳನ್ನ ಬರೀ ಅಳಿಸಿ ಕಳಿಸ್ಬ್ಯಾಡ."

ಅಕ್ಕ ದನಿ ಏರಿಸಲಿಲ್ಲ. ನನಗೆ ಭೂಮಿ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ಅರ್ಧ ಮಾತು ಬಿಟ್ಟು ಹೇಳಿದೆ, ತಪ್ಪು ನನ್ನದು ಎಂದು ದೊರೆಸಾನಿಗೆ ಒಪ್ಪಿಕೊಂಡು, ಖರ್ಜೂರ, ದೋಣಿ, ಮೈದುನ, ಅಳು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು ಪೆನ್ನು ಕೆಳಗಿಟ್ಟು ಕೇಳಿದಳು. ಎಷ್ಟು ಹೊತ್ತಾದರೂ ಮತ್ತೆ ಪೆನ್ನು ಹಿಡಿಯಲಿಲ್ಲ.

ಮಿಷನ್ನು ಬರಲಿಲ್ಲ. ಹೆಡ್‌ಮಿಸ್ಟ್ರೆಸ್ಸು ಆರು ತಿಂಗಳು ನಮ್ಮಿಬ್ಬರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಮರುವರ್ಷ ಅದೇ ದೊರೆಸಾನಿ ಅಕ್ಕನನ್ನು ಬೆಂಗಳೂರಿನ ದಂಡು ಪ್ರದೇಶಕ್ಕೆ ಕರೆಸಿಕೊಂಡು, ಹಾಲ್ ತುಂಬ ಕೂತಿದ್ದ ತನ್ನವರ ಮುಂದೆ ಮಾತಾಡಿಸಿದಳು. ಆಮೇಲೂ ಎಷ್ಟೋ ಸಲ ಕರೆದರು. ಪ್ರತಿ ಸಲವೂ ತಿರುಗಿಸಿ ಹೇಳಲು ನಾನೇ ಬೇಕೆಂದು ಅಕ್ಕ ಹಟ ಹಿಡಿದರು. "ಒಂದ್ಸಲ ಸಿಕ್ಕಾಕ್ಕಂಡೋಳು, ಇನ್ ತಪ್ಪು ಮಾಡಲ್ಲ ಬಿಡು" ಎಂದು ನನ್ನ ಕೆನ್ನೆ ಹಿಂಡಿದರು. ಆ ಸೂಜಿ ಹಿಡಿವ ಹೆಂಗಸು ಅಷ್ಟು ಜನ ಬಿಳಿಯರ ಎದುರು ಒಂದು ಚೂರೂ ಅಳುಕದೆ ನಿಲ್ಲುತ್ತಿದ್ದುದನ್ನು ನೆನೆದರೆ ಈಗಲೂ ನನ್ನ ಮೈ ಝುಂ ಎನ್ನುತ್ತದೆ.

ಅರವತ್ತರ ದಶಕದ ಕೊನೆಗೆ ನಾನು ಕಲ್ಯಾಣದುರ್ಗದ ಶಾಲೆಗೆ ವರ್ಗವಾಗಿ ಬಂದಿದ್ದೆ. ಅಕ್ಕ ಹಾಸಿಗೆ ಹಿಡಿದಿದ್ದಾರೆಂದು ಅವರ ಹಳೆಯ ವಿದ್ಯಾರ್ಥಿನಿಯ ಕಾಗದ ಬಂತು. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ, ಅವರು ತೀರಿಕೊಳ್ಳುವ ಹಿಂದಿನ ಮಧ್ಯಾಹ್ನ ಹೋಗಿ ಮುಟ್ಟಿದೆ. ಎರಡು ದಿನದಿಂದ ಏನೂ ತಿಂದಿಲ್ಲವೆಂದು ಆ ವಿದ್ಯಾರ್ಥಿನಿ ಹೇಳಿದಳು. ಪೆಟ್ಟಿಗೆಯಿಂದ ಬಟ್ಟಲು ತೆಗೆದು, ಗಂಜಿ ಹಾಕಿ ಅಕ್ಕನ ಕೈಗಿಟ್ಟೆ. ಎರಡು ಗುಟುಕು ಕುಡಿದರು. ಆಮೇಲೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿದರು.

ನಾನು ಕಂಡೂ ಕಾಣದವಳಂತೆ ಮತ್ತೆ ಗಂಜಿ ಸುರಿದೆ.

ಅಕ್ಕ ನನ್ನನ್ನೇ ನೋಡಿದರು. ಮೂರು ಚುಕ್ಕೆಗಳು ಒಂದಿಷ್ಟು ಮೇಲೇರಿದವು.

"ತಿರ್ಗಾ ನನ್ನ ಮಾತು ಬಿಟ್ಬುಟ್ಯಲ್ಲೇ" ಎಂದರು.

ನಾನು ಗಂಜಿಯ ಪಾತ್ರೆ ಕೆಳಗಿಟ್ಟೆ.