ತಗ್ಗಿಗೆ ಕಟ್ಟಿದ ತೆಂಗಿನಕಾಯಿ

ನನ್ನ ಸೋದರತ್ತೆಯ ಕೆಳದುಟಿ ಎಡಕ್ಕೆ ವಾಲಿತ್ತು. ಬೆಳಗಿನಿಂದ ರಾತ್ರಿಯವರೆಗೆ ಅಲ್ಲೊಂದು ಎಲೆಯಡಿಕೆಯ ಉಂಡೆ ಕೂತಿರುತ್ತಿತ್ತು. ಯಾರನ್ನಾದರೂ ಕಂಡು ಹೇಸಿದಳೆಂದರೆ ಆ ತುಟಿ ಇನ್ನಷ್ಟು ಇಳಿಯುತ್ತಿತ್ತು, ಮಾತು ಬೇಕಾಗುತ್ತಿರಲಿಲ್ಲ. ಊರಿನ ಪಟೇಲರಿಂದ ಹಿಡಿದು ತೋಟದ ಬಿಳಿ ದೊರೆಯವರೆಗೆ ಆ ತುಟಿಯಿಂದ ತಪ್ಪಿಸಿಕೊಂಡವರು ನನಗೆ ಗೊತ್ತಿಲ್ಲ. ಚಿಕ್ಕ ವಯಸ್ಸಿಗೇ ವಿಧವೆಯಾಗಿ ತವರಿಗೆ ಬಂದವಳು, ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು ಅವಳೇ.

ನಾನು ಚೆಟ್ಟಳ್ಳಿ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ದೊರೆಯ ಕಾರು ಹೊಸದು, ಓಡಿಸುವ ಹುಚ್ಚು ಅದಕ್ಕಿಂತ ಹೊಸದು. ಡ್ರೈವರ್‌ನನ್ನು ಇಳಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಡಿಕೇರಿಯಿಂದ ಬರುವಾಗ, ತಿರುವಿನಲ್ಲಿ ಕಾರನ್ನು ಕೆಳಗಿನ ತೋಡಿಗೆ ಉರುಳಿಸಿದ. ಅವನ ಹಣೆ ತರಚಿತು. ನನ್ನ ಬಲಭುಜವೂ ಸೊಂಟವೂ ಮುರಿದವು. ದೊರೆಸಾನಿ ಒಂದು ಡಬ್ಬ ಬಿಸ್ಕತ್ತು ಕಳಿಸಿದಳು. ಅತ್ತೆ ಅದನ್ನು ಮೂಸಿ ನೋಡಿ ನಾಯಿಗೆ ಹಾಕಿದಳು. ನಾಯಿ ತಿಂದಿತು, ತಿಂದದ್ದಕ್ಕೂ ಬೈಸಿಕೊಂಡಿತು.

ಮೂಳೆ ಹೇಗೋ ಕೂಡಿತು. ಬಲಗೈ ಎದೆಯಿಂದ ಮೇಲೆ ಏಳಲಿಲ್ಲ, ನಡಿಗೆ ಕುಂಟಾಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ರಸ್ತೆಯಲ್ಲಿ ಹಾರನ್ ಕೇಳಿದರೆ ಸಾಕು, ಮೈ ಬೆವರಿ ಕೈಯಲ್ಲಿದ್ದ ಕಾಫಿ ತುಳುಕುತ್ತಿತ್ತು. ಬರೆಯಲು ಕೈ ಬರುತ್ತಿತ್ತು, ಕೆಲಸವೂ ಕಾದಿತ್ತು. ನಾನು ಮಾತ್ರ ಒಳಕೋಣೆ ಬಿಟ್ಟು ಏಳಲಿಲ್ಲ. ನೋಡಲು ಬಂದವರೆಲ್ಲ ಬಾಳೆಹಣ್ಣಿನ ಚಿಪ್ಪು ಇಟ್ಟು, ಲೊಚಗುಟ್ಟಿ, "ಪಾಪ, ಕೋವಿ ಹಿಡಿದರೆ ಎಂಥ ಗುರಿ ಇತ್ತು ಇವನದು" ಎಂದು ನಾನು ಸತ್ತೇ ಹೋದವನಂತೆ ಮಾತಾಡಿ, ನಮ್ಮ ಮನೆಯ ಕಾಫಿ ಕುಡಿದು ಹೋಗುತ್ತಿದ್ದರು. ಅಷ್ಟು ಅಗ್ಗದ ಕನಿಕರವನ್ನು ನಾನೂ ನಾಚಿಕೆಯಿಲ್ಲದೆ ಚಪ್ಪರಿಸಿದೆ.

ಅತ್ತೆ ಲೊಚಗುಟ್ಟಲಿಲ್ಲ. ಒಳ್ಳೆಮೆಣಸು ಹಾಕಿದ ಎಣ್ಣೆ ಕಾಯಿಸಿ ಭುಜಕ್ಕೆ ತಿಕ್ಕುತ್ತ, "ನೋವಾದ್ರೆ ಕಿರುಚು. ಆ ಮುಖ ಮಾತ್ರ ಮಾಡ್ಬೇಡ, ನಂಗೆ ನೋಡ್ಲಿಕ್ಕಾಗುದಿಲ್ಲ" ಎನ್ನುತ್ತಿದ್ದಳು. ನನಗೆ ಕಾಫಿಯನ್ನು ಅರ್ಧ ಲೋಟಕ್ಕೇ ಹಾಕಿ ಕೊಡುತ್ತಿದ್ದಳು. ಏಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷದ ಕೈಲು ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ಕೋವಿಗಳನ್ನು ಉಜ್ಜಿ, ಗೌರಿ ಹೂ ಸಿಕ್ಕಿಸಿ ಪೂಜೆ ಮಾಡಿ, ಊಟವಾದ ಬಳಿಕ ಗಂಡಸರೆಲ್ಲ ಊರ ಬಯಲಿನಲ್ಲಿ ಸೇರಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ. ಹಿಂದೆ ಆ ಕಾಯಿ ಹೆಚ್ಚಾಗಿ ನನ್ನ ಗುಂಡಿಗೇ ಒಡೆಯುತ್ತಿತ್ತು. ಈ ಸಲ ಪಟೇಲರು ಜನ ಕಳಿಸಿ ನನ್ನನ್ನು ಹೆಚ್ಚುಕಡಿಮೆ ಹೊತ್ತೇ ತರಿಸಿದರು. ಅಲ್ಲಿ ನೋಡಿದರೆ ಎರಡು ಕಾಯಿ. ಒಂದು ಎಂದಿನಂತೆ ಮರದ ತುದಿಯಲ್ಲಿ. ಇನ್ನೊಂದು ಹಲಸಿನ ಮರಕ್ಕೆ, ಮೊಣಕಾಲೆತ್ತರದಲ್ಲಿ, ಕೋಲು ಚಾಚಿದರೆ ತಾಗುವಷ್ಟು ಹತ್ತಿರ.

ಹೆಂಗಸರ ಸಾಲಿನಿಂದ ಅತ್ತೆ ಎದ್ದು ಬಂದಳು. "ಇದು ಯಾರಿಗೆ?"

"ನಿಮ್ಮ ಹುಡುಗನಿಗೆ ಅಕ್ಕ. ಪಾಪ, ಅವನ ಮನಸ್ಸಿಗೂ ಒಂದು ಸಮಾಧಾನ ಬೇಡ್ವಾ?" ಎಂದರು ಪಟೇಲರು.

"ಸಮಾಧಾನಕ್ಕೆ ಮನೇಲಿ ತೊಟ್ಟಿಲು ಕಟ್ತೇನೆ ಬಿಡಿ."

ಪಕ್ಕದವನ ಕತ್ತಿ ಕಿತ್ತುಕೊಂಡು ಹಗ್ಗ ಕೊಯ್ದಳು. ಕಾಯಿಯನ್ನು ಕಂಕುಳಿಗೆ ಸೇರಿಸಿ, "ನಾಳೆ ಸಾರಿಗಾಯ್ತು" ಎಂದು ನನ್ನ ಕಡೆ ತಿರುಗಿದಳು. "ಮೇಲಿಂದಕ್ಕೆ ಹೊಡೀತೀಯಾ, ಮನೆಗೆ ಬರ್ತೀಯಾ?"

ಸಿಟ್ಟಿನಲ್ಲಿ ಕೋವಿಯನ್ನು ಎಡಭುಜಕ್ಕೆ ಒತ್ತಿಕೊಂಡೆ. ಗುಂಡು ಎತ್ತ ಹೋಯಿತೋ, ನಾನಂತೂ ಅಂಡೂರಿ ಕೆಸರಿಗೆ ಬಿದ್ದೆ. ಊರಿಗೆ ಊರೇ ಲೊಚಗುಟ್ಟಲು ಬಾಯಿ ತೆರೆಯಿತು. ಅಷ್ಟರಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಾಯಿ ಅಲ್ಲಿ ಉಂಟು ಮಾರಾಯ! ಆಕಾಶ ನಿಂಗೆ ಎಂತ ಮಾಡಿತ್ತು?"

ಮುಂದಿನ ಸರದಿ ಪಟೇಲರದು. ಅವರ ಗುರಿಯೂ ತಪ್ಪಿತು. "ಇವರ ಕೈಕಾಲು ನೆಟ್ಟಗುಂಟಲ್ಲ, ಕಣ್ಣು ಯಾವ ಕಾರಲ್ಲಿ ಹೋಯ್ತು?" ಎಂದಳು. ಬಯಲೆಲ್ಲ ನಕ್ಕಿತು. ಕೆಸರಿನಲ್ಲಿ ಕೂತಿದ್ದ ನಾನೂ ನಕ್ಕೆ. ಕಾರು ಬಿದ್ದಂದಿನಿಂದ ಯಾರೂ ನನ್ನನ್ನು ಉಳಿದವರ ಜೊತೆ ಸೇರಿಸಿ ಹಂಗಿಸಿರಲಿಲ್ಲ. ಅದೆಷ್ಟು ಹಿತವಾಯಿತೆಂದು ಹೇಳಲಾರೆ. ಮರುವಾರ ತೋಟದ ಕೆಲಸಕ್ಕೆ ಹೋದೆ.

ನೋವು ಹೋಗಲಿಲ್ಲ; ಹಾರನ್ನಿಗೆ ಬೆಚ್ಚುವುದೂ ಹೋಗಲಿಲ್ಲ. ಕಾಲವೇ ಎಲ್ಲವನ್ನೂ ಮಾಯಿಸುತ್ತದೆ ಎಂದು ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ಎಲ್ಲೂ ಏನೂ ಮುರಿದಿರುವುದಿಲ್ಲ.

ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಅವಳ ಉಸಿರಿನ ಸದ್ದು ಕೇಳಿ ನನಗೆ ಭಯವಾಯಿತು. ಕಾಲ ಬಳಿ ಕೂತು ಅಳತೊಡಗಿದೆ. ಅವಳು ಕಣ್ಣು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತೋಟದಲ್ಲಿ ಕಾಫಿ ಪಿಕ್ಕಿಂಗ್ ಅಲ್ವಾ ಇವತ್ತು? ನಿಂಗೆ ಇಲ್ಲಿ ಎಂತ ಕೆಲಸ? ಹೋಗು."

ಎದ್ದು ಹೋದೆ. ಮಧ್ಯಾಹ್ನ ಮನೆಯ ಆಳು ತೋಟಕ್ಕೆ ಬಂದು ಸುದ್ದಿ ಹೇಳಿದ. ಕೊನೆಗಳಿಗೆಯಲ್ಲಿ ಪಕ್ಕದಲ್ಲಿರಲಿಲ್ಲ ಎಂದು ಊರು ನನ್ನನ್ನು ಇಂದಿಗೂ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅವಳು ಕಣ್ಣು ಮುಚ್ಚುವಾಗ ನಾನು ಕೆಲಸದಲ್ಲಿದ್ದೆ, ಮತ್ತು ಅದು ಅವಳಿಗೆ ಗೊತ್ತಿತ್ತು.